ಎಡಚನ ತಂತಿಕಟ್ಟು

ತಂತಿ ಕತ್ತರಿಸುವಾಗ ಅವಳು ಮಾತಾಡುತ್ತಿರಲಿಲ್ಲ. ಸುರುಳಿಯಿಂದ ಎಳೆಯುವುದು, ಗೇಣುದ್ದ ಕತ್ತರಿಸುವುದು, ನಡುವೆ ಮಡಚುವುದು, ಹಿಡಿ ತುಂಬಿದಾಗ ಕಟ್ಟು ಕಟ್ಟಿ ಹಲಗೆಯ ಮೇಲಿಡುವುದು. ಕಟ್ಟಡದ ಕಂಬಿ ಕೆಲಸದವರು ಬರುವಷ್ಟರಲ್ಲಿ ಒಬ್ಬೊಬ್ಬರಿಗೂ ಒಂದು ಕಟ್ಟು ಸಿದ್ಧವಿರಬೇಕು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರು ಮೇಲೆ ಹತ್ತುತ್ತಿದ್ದರು. ಹಾಸಿದ ಕಂಬಿಗಳು ಒಂದನ್ನೊಂದು ದಾಟುವಲ್ಲೆಲ್ಲ ಬಗ್ಗಿ ತಂತಿ ಬಿಗಿಯುತ್ತಿದ್ದರು. ಸಂಜೆಯವರೆಗೂ ಬಗ್ಗಿದ್ದೇ ಬಗ್ಗಿದ್ದು.

ಎಲ್ಲ ಕಟ್ಟುಗಳ ಮಡಿಕೆ ಬಲಕ್ಕೆ. ಒಂದರದು ಮಾತ್ರ ಎಡಕ್ಕೆ.

ಅದನ್ನು ಎತ್ತಿಕೊಳ್ಳುವವನನ್ನು ಸೈಟಿನಲ್ಲಿ ಎಲ್ಲರೂ ಎಡಚ ಎಂದೇ ಕರೆಯುತ್ತಿದ್ದರು. "ಏನಮ್ಮ ಮಾತಿನ ಮಲ್ಲಿ, ನನ್ನ ಕಟ್ಟೊಂದೇ ಯಾಕೆ ತಿರುಗಾಮುರುಗಾ?" ಎಂದು ಅವನು ಮೊದಲ ಸಲ ಕೇಳಿದಾಗ ಅವಳು ಕೈಯಲ್ಲಿದ್ದ ಕಟರನ್ನೇ ನೋಡುತ್ತ, "ಎಡಗೈಗೆ ಸುಲಭ ಆಗ್ಲಿ ಅಂತ" ಎಂದಿದ್ದಳು. ಅಷ್ಟಕ್ಕೇ ಅವಳ ಕಿವಿ ಬಿಸಿಯೇರಿತ್ತು.

ಅವನು ನಗಲಿಲ್ಲ. "ಈ ಕೈಗೆ ಎಲ್ಲರೂ ಹೊಡೆದವರೇ. ಸುಲಭ ಆಗ್ಲಿ ಅಂದವಳು ನೀನೊಬ್ಬಳು."

ಅಂದಿನಿಂದ ಅವನು ಕಟ್ಟು ತೆಗೆದುಕೊಳ್ಳಲು ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಹಲಗೆಯ ಮುಂದೆ ನಿಲ್ಲುತ್ತಿದ್ದ. ಅವಳು ಅವನ ಬೆರಳುಗಳನ್ನು ನೋಡುತ್ತಿದ್ದಳು. ಮುಖ ನೋಡಲು ಧೈರ್ಯ ಸಾಲುತ್ತಿರಲಿಲ್ಲ.

ಅವಳ ಅಣ್ಣನೂ ಅದೇ ಗುಂಪಿನಲ್ಲಿ ಕಂಬಿ ಕಟ್ಟುವವನು. ಅವನ ಸೊಂಟ ಮೊದಲ ಸಲ ಹಿಡಿದಾಗಲೇ ಅವಳು ಶಾಲೆ ಬಿಟ್ಟು ಈ ಹಲಗೆಯ ಮುಂದೆ ಬಂದು ಕೂತದ್ದು. ಎಡಚ ಒಂದು ದಿನ ಗಟ್ಟಿ ಮನಸ್ಸು ಮಾಡಿ ಅಣ್ಣನ ಹತ್ತಿರ ಅವಳ ವಿಷಯ ಎತ್ತಿದ.

"ನೋಡಪ್ಪಾ," ಎಂದ ಅಣ್ಣ, "ನಮ್ಮ ಕೂಲಿ ಏರೋದು ಮೈ ಗಟ್ಟಿ ಇರೋವರೆಗೆ. ಸೊಂಟ ಬಿದ್ದ ದಿನ ಮತ್ತೆ ಹೆಲ್ಪರ್ ಕೂಲಿಗೇ ಇಳೀಬೇಕು. ನನ್ನ ಹೆಂಡ್ತಿ ಪಟ್ಟಿದ್ದು ಸಾಕು, ನನ್ನ ತಂಗಿಗೂ ಅದೇ ಪಾಡು ಬೇಡ. ಬಗ್ಗಿಸೋ ಮೆಷಿನ್ ಮುಂದೆ ನಿಂತು ತಿಂಗಳ ಸಂಬಳ ತಗೊಳ್ಳೋ ದಿನ ಬಾ. ಆಗ ಮಾತಾಡೋಣ."

ಕಂಬಿ ಬಗ್ಗಿಸುವ ಮೆಷಿನ್ ಇಡೀ ಸೈಟಿಗೆ ಒಂದೇ ಇತ್ತು. ನೆರಳಲ್ಲಿ, ನೆಟ್ಟಗೆ ನಿಂತು ಮಾಡುವ ಕೆಲಸ. ಅದನ್ನು ನಡೆಸುತ್ತಿದ್ದ ಮುದುಕ ಕೆಲಸ ಬಿಟ್ಟಾಗ ಎಲ್ಲರ ಕಣ್ಣೂ ಅದರ ಮೇಲೆ. ಕಂಬಿಯ ಅಳತೆ ಬರೆದ ಡ್ರಾಯಿಂಗನ್ನು ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವನು ಎಡಚ. ಅವನಿಗೇ ಸಿಗುತ್ತದೆಂದು ಅವಳು ಒಳಗೊಳಗೇ ಹಿಗ್ಗಿದಳು.

ಸಿಕ್ಕಿದ್ದು ಅಣ್ಣನಿಗೆ.

"ಇಂಜಿನಿಯರ್ ಮೊದಲು ಕರೆದಿದ್ದು ಎಡಚನ್ನೇ ಅಂತೆ ಕಣೇ," ಎಂದಳು ಅತ್ತಿಗೆ, ಪಾತ್ರೆ ಒರೆಸುತ್ತ. "ಎಡಗೈಗೆ ಆ ಮೆಷಿನ್ ಒಗ್ಗಲ್ಲ ಸಾರ್ ಅಂದನಂತೆ. ನಾಳೆ ಸಂಜೆ ಯಾವುದೋ ದೂರದ ಸೇತುವೆ ಕೆಲಸಕ್ಕೆ ಹೊರಟಿದ್ದಾನೆ. ಎತ್ತರದ ಕೆಲಸ, ಕೂಲಿ ಒಂದೂವರೆ ಪಟ್ಟು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ನೋಡು."

ಅವನಿಗೆ ನಾನು ಬೇಕಿರಲಿಲ್ಲ, ಕೂಲಿ ಬೇಕಿತ್ತು ಅಂದುಕೊಂಡಳು ಅವಳು. ಅಳು ಬರಲಿಲ್ಲ. ಅಳುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು.

ಅಷ್ಟರಲ್ಲಿ ಅಣ್ಣ ಬಂದ. ಮೆಷಿನ್ ಮುಂದೆ ಅದೇ ಅವನ ಮೊದಲ ದಿನ. ಚಾಪೆಯ ಮೇಲೆ ಬೋರಲಾಗಿ ಮಲಗಿದ. ಅತ್ತಿಗೆ ಬಿಸಿನೀರಿನ ಬಟ್ಟೆ ಒತ್ತತೊಡಗಿದಳು. ಎಷ್ಟೋ ಕಾಲದ ಮೇಲೆ ಅವನು ನಕ್ಕ. "ಅದೂ ಒಂದು ಕೆಲಸವೇನೇ! ಕಾಲಲ್ಲಿ ಪೆಡಲ್ ತುಳಿದ್ರೆ ಕಂಬಿ ತಾನೇ ಬಗ್ಗುತ್ತೆ. ಎಡಗೈಯೋ ಬಲಗೈಯೋ, ಕೈಗೆ ಅಲ್ಲಿ ಏನೂ..."

ಮಾತು ಅಲ್ಲೇ ನಿಂತಿತು. ಅತ್ತಿಗೆಯ ಕೈಯೂ ನಿಂತಿತು. ಅಣ್ಣ ನಿಧಾನಕ್ಕೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಬೆಳಗ್ಗೆ ಎಡಚ ಬಂದಾಗ ಅವಳು ಕಟ್ಟನ್ನು ಹಲಗೆಯ ಮೇಲಿಡಲಿಲ್ಲ. ಕೈಯಲ್ಲೇ ಹಿಡಿದಿದ್ದಳು.

"ಪೆಡಲ್ ತುಳಿಯೋಕೂ ಎಡಗೈ ಅಡ್ಡ ಬರುತ್ತಾ?"

ಅವನು ಸಿಕ್ಕಿಬಿದ್ದವನ ಹಾಗೆ ತಲೆ ಕೆರೆದುಕೊಂಡ. "ಮಾತಿನ ಮಲ್ಲಿ ಇವತ್ತು ನಿಜವಾಗ್ಲೂ ಮಾತಾಡಿದ್ಳು."

"ತಮಾಷೆ ಬೇಡ."

ಅವನು ಕೈಗವಸು ಕಳಚಿದ. ದನಿಯಲ್ಲಿ ದಣಿವು ಹಾಗೇ ಕೇಳಿಸಿತು. "ನಿಮ್ಮಣ್ಣ ಮೇಲಿಂದ ಹೇಗೆ ಇಳೀತಾರೆ, ನೋಡಿದೀಯಾ? ಮೆಟ್ಟಿಲು ಮೆಟ್ಟಿಲಿಗೂ ಕೂತು ಇಳೀತಾರೆ. ಅವರನ್ನ ಮೇಲೆ ಬಗ್ಗೋಕೆ ಬಿಟ್ಟು, ನಾನು ಕೆಳಗೆ ನೆರಳಲ್ಲಿ ನಿಂತ್ಕೊಂಡು, ಅವರ ತಂಗೀನ ಯಾವ ಮುಖ ಇಟ್ಕೊಂಡು ಕೇಳ್ಲಿ? ಅದಕ್ಕೇ ಇಂಜಿನಿಯರ್ ಹತ್ರ ಅವರ ಹೆಸರು ಹೇಳ್ದೆ."

"ಮತ್ತೆ ನಿಮ್ಮ ಸೊಂಟ?"

"ಅದು ಇನ್ನೂ ಒಂದಷ್ಟು ವರ್ಷ ಮಾತು ಕೇಳುತ್ತೆ."

"ಆಮೇಲೆ?"

"ಆಮೇಲೆ..." ಅವನು ಅವಳ ಕೈಯಲ್ಲಿದ್ದ ಕಟ್ಟನ್ನು ನೋಡಿದ. ಮಡಿಕೆ ಎಡಕ್ಕಿತ್ತು. "ಆಮೇಲೆ ನೀನು ಬಿಸಿನೀರು ಕಾಯಿಸಿಕೊಡ್ತೀಯ ಅಂತ ಒಂದು ಕನಸಿತ್ತು. ಹಗಲುಗನಸು, ಬಿಡು."

ಮೊದಲ ಸಲ ಅವಳು ಅವನ ಮುಖ ನೋಡಿದಳು. ಕಣ್ಣ ಕೆಳಗೆ ತುಕ್ಕಿನ ಪುಡಿ ಅಂಟಿತ್ತು. ಅವನೂ ನೋಡುತ್ತಿದ್ದ, ಇಬ್ಬರಲ್ಲಿ ಯಾರೂ ಮೊದಲು ಕಣ್ಣು ತೆಗೆಯಲಿಲ್ಲ.

ಅವಳು ಕಟ್ಟನ್ನು ಅವನ ಎಡಗೈಗೆ ಕೊಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಷಿನ್ ಇದ್ದ ಶೆಡ್ಡಿನ ಕಡೆ ನಡೆದಳು. ಅವನು ಏನೂ ತಿಳಿಯದೆ ಹಿಂದೆಯೇ ಬಂದ.

ಅಣ್ಣ ನೆಟ್ಟಗೆ ನಿಂತು ಪೆಡಲ್ ತುಳಿಯುತ್ತಿದ್ದ. ಮೊದಲು ತಂಗಿಯನ್ನು ಕಂಡ, ಆಮೇಲೆ ಅವಳ ಹಿಂದಿದ್ದವನನ್ನು. ಕಾಲು ತೆಗೆದ. ಕಂಬಿ ಅರ್ಧ ಬಗ್ಗಿ ನಿಂತಿತು.

ಶಾಲೆ ಬಿಟ್ಟ ಮೇಲೆ ಅವಳು ಆ ಮನೆಯಲ್ಲಿ ಯಾರನ್ನೂ ಏನನ್ನೂ ಕೇಳಿದವಳಲ್ಲ.

"ಅಣ್ಣಾ," ಎಂದಳು, "ನನ್ನನ್ನ ಇವರ ಜೊತೆ ಕಳಿಸಿಕೊಡು."