ಐಗಳಿ ಕ್ರಾಸಿನ ತಿರುವು

ನನಗೆ ಗಾಡಿ ಕಲಿಸಿದವನು ಯಾಕೂಬ ಚಾಚಾ. ಹಳೆಯ ಜೀಪಿನ ಸ್ಟೇರಿಂಗ್ ನನ್ನ ತೋಳಿಗೆ ಬಗ್ಗದಿದ್ದಾಗ, ಎಡಗಡೆ ಕೂತಿದ್ದ ಅವನೂ ಒಂದು ಕೈ ಹಚ್ಚಿ, "ಎಮ್ಮಿ ಕೋಡು ಹಿಡದಂಗ ಹಿಡೀಬ್ಯಾಡಲೇ" ಎಂದು ನಗುತ್ತಿದ್ದ.

ಹೋದ ಯುಗಾದಿಗೆ ಹೊಸ ಕಾರು ತಂದೆ. ಒಂದೇ ಬೆರಳಿಗೆ ತಿರುಗುವ ಸ್ಟೇರಿಂಗ್. ಮರುದಿನ ಮಧ್ಯಾಹ್ನ ಐಗಳಿ ಕ್ರಾಸಿನಲ್ಲಿ ಚಾಚಾ ಕೈ ಅಡ್ಡ ಮಾಡಿದ. ಅವನ ಅಂಗಿಯ ತುಂಬ ಗ್ರೀಸಿತ್ತು. ಸೀಟು ಹೊಲಸಾದೀತೆಂದು, ಕಂಡರೂ ಕಾಣದವನಂತೆ ದಾಟಿಹೋದೆ. ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಅವನು ಎದೆನೋವೆಂದು ಅಥಣಿಯ ದವಾಖಾನೆಗೆ ಹೊರಟಿದ್ದನಂತೆ. ಸಂಜೆಯೊಳಗೆ ತೀರಿಕೊಂಡ.

ಅಂದಿನಿಂದ ಆ ತಿರುವಿನಲ್ಲಿ ಮಾತ್ರ ಸ್ಟೇರಿಂಗ್ ಆ ಜೀಪಿನದರಷ್ಟೇ ಭಾರವಾಗುತ್ತದೆ. ಎಸಿ ಹಾಕಿದ್ದರೂ ಅದರ ಎಡಭಾಗ ಅಂಗೈಯಗಲ ಬೆಚ್ಚಗಿರುತ್ತದೆ. ಗ್ಯಾರೇಜಿನವರು ಎರಡು ಸಲ ಬಿಚ್ಚಿ ನೋಡಿ, "ಏನೂ ಆಗಿಲ್ರಿ" ಎಂದರು.

ಮೊನ್ನೆ ಹೆಂಡತಿ ದಾನೇಶ್ವರಿಗೆ ಗಾಡಿ ಕಲಿಸುತ್ತ ನಾನು ಎಡಗಡೆ ಕೂತಿದ್ದೆ. ಚಾಚಾನ ವಿಷಯ ಆಕೆಗೆ ಹೇಳಿರಲಿಲ್ಲ. ಆ ತಿರುವಿನಲ್ಲಿ ಆಕೆ ಸ್ಟೇರಿಂಗನ್ನು ಸಲೀಸಾಗಿ ತಿರುಗಿಸಿದಳು. ಆಮೇಲೆ ರಸ್ತೆಯಿಂದ ಕಣ್ಣು ತೆಗೆಯದೆ, "ಸಾಕು, ಕೈ ತಗೀರಿ. ನಾ ಒಬ್ಬಾಕಿನ ತಿರುವತೇನಿ" ಎಂದಳು.

ನನ್ನ ಎರಡೂ ಕೈ ಮೊದಲಿನಿಂದಲೂ ತೊಡೆಯ ಮೇಲಿದ್ದವು.

"ತಗದೇನಿ" ಎಂದೆ.