ಒಂಬತ್ತು ಡಿಗ್ರಿ

ಅಣ್ಣನ ಸನ್ಮಾನದ ದಿನ ಅವನು ಮೂರನೇ ಸಾಲಿನಲ್ಲಿ ಕೂತು ಮೈಯೆಲ್ಲ ಕಿವಿಯಾಗಿ ಕಾದ. ಯಂತ್ರಗಳ ಹಂಗಿಲ್ಲದೆ, ಬರೀ ದಿಕ್ಸೂಚಿ ನಂಬಿ ಒಂಟಿಯಾಗಿ ಸಾಗರ ದಾಟುವ ಅಣ್ಣ ವೇದಿಕೆಯ ಮೇಲೆ ನಿಂತು ಗಾಳಿಗೆ, ದೋಣಿಗೆ, ಕೊನೆಗೆ ಹಾಯಿ ಹೊಲಿದ ದರ್ಜಿಗೂ ಕೈಮುಗಿದ. ಹದಿನೆಂಟು ವರ್ಷ ಪ್ರತಿ ಪಯಣಕ್ಕೂ ದಿಕ್ಕಿನ ಲೆಕ್ಕ ಹಾಕಿಕೊಟ್ಟ ತಮ್ಮನ ಸುದ್ದಿಯನ್ನೇ ಎತ್ತಲಿಲ್ಲ. ಚಪ್ಪಾಳೆ ಮುಗಿಯುವ ಮೊದಲೇ ಅವನು ಎದ್ದು, ಊನವಾದ ಕಾಲನ್ನು ಎಳೆದುಕೊಂಡು ಮನೆಗೆ ನಡೆದ.

ಮನೆಯೆಂದರೆ ಬಂದರಿನ ಹಿಂದಿನ ಬೀದಿಯ ಮಹಡಿ ಕೋಣೆ. ಒಂದು ಮೇಜು, ಒಂದು ತಟ್ಟೆ, ಒಂದೇ ಕುರ್ಚಿ. ಎರಡನೆಯದು ಬೇಕಾಗುವ ಸಂದರ್ಭ ಬಂದೇ ಇರಲಿಲ್ಲ. ಆ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಅವನು ಅಣ್ಣನ ಸಾವನ್ನು ಲೆಕ್ಕ ಹಾಕಿದ.

ಮುಂದಿನ ಪಯಣದಲ್ಲಿ ಹೋಗಬೇಕಾದ ದಿಕ್ಕು ಇನ್ನೂರ ನಲವತ್ತು ಡಿಗ್ರಿ. ಆದರೆ ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರ ದಿಕ್ಕನ್ನು ತೋರಿಸುವುದಿಲ್ಲ. ಆ ಕಡಲಲ್ಲಿ ಒಂಬತ್ತು ಡಿಗ್ರಿ ಪಶ್ಚಿಮಕ್ಕೆ ವಾಲುತ್ತದೆ. ಆ ಒಂಬತ್ತನ್ನು ಕೂಡಿಸಬೇಕು. ನೀರಿನ ಸೆಳೆತಕ್ಕೆಂದು ಇನ್ನೂ ಮೂರು. ಒಟ್ಟು ಇನ್ನೂರ ಐವತ್ತೆರಡು. ಅಣ್ಣನಿಗೆ ಕೊಡುವ ಚೀಟಿಯಲ್ಲಿ ಅವನು ಒಂಬತ್ತನ್ನು ಕೂಡಿಸುವ ಬದಲು ಕಳೆದ: ಇನ್ನೂರ ಮೂವತ್ತನಾಲ್ಕು. ದಡ ಬಿಡುವಾಗ ಯಾರ ಕಣ್ಣಿಗೂ ಬೀಳದ ತಪ್ಪು; ಐವತ್ತು ಮೈಲಿ ದಾಟುವಷ್ಟರಲ್ಲಿ ದೋಣಿ ಹದಿನೈದು ಮೈಲಿ ಎಡಕ್ಕೆ ಸರಿದು, ನೀರಡಿಯ ಬಂಡೆಸಾಲಿಗೆ ಹೊಡೆಯುತ್ತದೆ. ಚೀಟಿ ಅಣ್ಣನ ಜೊತೆಗೇ ಮುಳುಗುತ್ತದೆ. ತನ್ನ ಲೆಕ್ಕದ ಪುಸ್ತಕದಲ್ಲಿ ಮಾತ್ರ ಅವನು ಸರಿಯಾದ ಅಂಕಿಯನ್ನೇ ದುಂಡಗೆ ಬರೆದಿಟ್ಟ.

ಬೆಳಿಗ್ಗೆ ಅಣ್ಣ ಬಂದು ಬಾಗಿಲಲ್ಲೇ ನಿಂತ.

"ಆಯ್ತೇನೋ?"

"ಆಯ್ತಣ್ಣ. ಇನ್ನೂರ ಮೂವತ್ತನಾಲ್ಕು."

"ಇನ್ನೊಂದ್ಸಲ ನೋಡಿದ್ಯಾ?"

"ಯಾವತ್ತಾದ್ರೂ ತಪ್ಪಿದೀನಾ?"

"ಇಲ್ಲ ಬಿಡು." ಅಣ್ಣ ಚೀಟಿಯನ್ನು ನಾಲ್ಕಾಗಿ ಮಡಚಿ ಎದೆಯ ಜೇಬಿಗಿಟ್ಟುಕೊಂಡ. ತಮ್ಮನ ಹೆಗಲು ತಟ್ಟಿ ಇಳಿದುಹೋದ.

ಐದನೇ ದಿನ ಬಂಡೆಗಳ ನಡುವೆ ಹಲಗೆಗಳು ಸಿಕ್ಕವು, ಆಮೇಲೆ ಹೆಣ. ಅಣ್ಣನ ಮನೆಯ ಪಡಸಾಲೆಯಲ್ಲಿ ಅವನು ಅತ್ತ. ಆ ಅಳು ನಿಜವೇ ಆಗಿದ್ದದ್ದು ಅವನಿಗೇ ಆಶ್ಚರ್ಯ.

"ಅಂಥ ಅನುಭವಸ್ಥರು ಆ ಕಡೆ ಹೋಗಿದ್ದಾದ್ರೂ ಯಾಕೆ?" ಎಂದರು ಬಂದರಿನ ಅಧಿಕಾರಿ.

ಅವನು ಪುಸ್ತಕ ಬಿಚ್ಚಿಟ್ಟ. "ನೋಡಿ ಸಾರ್, ಇನ್ನೂರ ಐವತ್ತೆರಡು. ಚೀಟಿಯಲ್ಲೂ ಇದನ್ನೇ ಬರೆದುಕೊಟ್ಟಿದ್ದೆ."

ಅಧಿಕಾರಿ ತಲೆಯಾಡಿಸಿದರು. "ಪಾಪ, ನಿಮ್ಮ ತಪ್ಪೇನೂ ಇಲ್ಲ."

ಅಷ್ಟರಲ್ಲಿ ಒಳಗಿನಿಂದ ಅತ್ತಿಗೆ ಒಂದು ತಗಡಿನ ಡಬ್ಬಿ ಹಿಡಿದು ಬಂದಳು. "ಇವರು ನಿನ್ನ ಚೀಟೀನ ದೋಣಿಗೆ ತಗೊಂಡು ಹೋಗ್ತಾನೇ ಇರ್ಲಿಲ್ಲ ಕಣಪ್ಪ. ಬೇರೆ ಹಾಳೆಗೆ ಬರ್ಕೊಂಡು ಇದರಲ್ಲಿ ಎತ್ತಿಡೋರು. ನನ್ನ ತಮ್ಮನ ಕೈಬರಹ, ಒದ್ದೆಯಾಗಬಾರದು ಅನ್ನೋರು. ಹದಿನೆಂಟು ವರ್ಷದ್ದೂ ಇದೆ. ನೀನೇ ಇಟ್ಕೋ." ಎಲ್ಲಕ್ಕೂ ಮೇಲೆ, ನಾಲ್ಕಾಗಿ ಮಡಚಿದ್ದ ಹೊಸ ಚೀಟಿ. ಅವನು ಕೈ ಚಾಚುವ ಮೊದಲೇ ಅಧಿಕಾರಿ ಅದನ್ನೆತ್ತಿ, ಬಿಡಿಸಿ, ತೆರೆದಿದ್ದ ಪುಸ್ತಕದ ಪಕ್ಕದಲ್ಲಿಟ್ಟು, ಕನ್ನಡಕಕ್ಕಾಗಿ ಜೇಬು ತಡಕಿದರು.