ಕಂಪೈಲರ್ ಕಿತ್ತೆಸೆದ ಸಾಲು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಲಿಫ್ಟುಗಳಿಗೆ ಪ್ರೋಗ್ರಾಂ ಬರೆಯುವವನು. ಅಕ್ಕ ನರ್ಸ್ ಆಗಿರುವ ಆಸ್ಪತ್ರೆಗೆ ಹೊಸ ಲಿಫ್ಟ್ ಹಾಕಿದೆವು. ಒಳಗೆ ಯಾರೂ ಇಲ್ಲದಿದ್ದರೆ ದೀಪ ಆರಬೇಕು ಎಂದು ಒಂದು ಸಾಲು ಬರೆದಿದ್ದೆ. ದೀಪ ಆರಲೇ ಇಲ್ಲ.

ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್. ಎಂದೂ ನಡೆಯಲಾರದು ಎಂದು ತೋರಿದ ಸಾಲನ್ನು, ಕೆಲಸ ಬೇಗ ಸಾಗಲೆಂದು, ಅದು ತಾನೇ ಕಿತ್ತೆಸೆಯುತ್ತದೆ. ಅದು ಕೊಟ್ಟ ಕೋಡನ್ನು ತೆರೆದು ನೋಡಿದರೆ ನನ್ನ ಸಾಲೇ ಇರಲಿಲ್ಲ. ಈ ಲಿಫ್ಟು ಎಂದೂ ಖಾಲಿ ಇರುವುದಿಲ್ಲ ಎಂದು ಕಂಪೈಲರ್ ತೀರ್ಮಾನಿಸಿತ್ತು.

ಪರೀಕ್ಷೆಗೆಂದು, ಒಳಗಿನ ತೂಕ ತೋರಿಸುವ ಸಾಲೊಂದನ್ನು ಸೇರಿಸಿದೆ. ಪರದೆಯಲ್ಲಿ ಸೊನ್ನೆ ಬಂತು, ದೀಪ ಆರಿತು. ಆ ಸಾಲು ತೆಗೆದದ್ದೇ ತಡ, ದೀಪ ಮತ್ತೆ ಹೊತ್ತಿಕೊಂಡಿತು. ಒಳಗೆ ಹೋಗಿ, ಗೋಡೆಗುಂಟ ಇರುವ, ಹಿಡಿದು ನಿಲ್ಲುವ ಕಂಬಿ ಮುಟ್ಟಿದೆ. ಒಂದು ಮೂಲೆಯಲ್ಲಿ ಮಾತ್ರ ಬೆಚ್ಚಗಿತ್ತು.

“ಕಂಪೈಲರ್ ತಪ್ಪು ಕಣಯ್ಯಾ. ದೀಪ ಉರಿದ್ರೆ ನಿನ್ನ ಗಂಟೇನು ಹೋಗುತ್ತೆ?” ಎಂದು ನಮ್ಮ ಸಾಹೇಬರು ಲಿಫ್ಟನ್ನು ಓಡಿಸಲು ಒಪ್ಪಿಗೆ ಕೊಟ್ಟೇಬಿಟ್ಟರು. ದೀಪ ಆರಿಸುವ ಸಾಲನ್ನು ಹತ್ತಾರು ಬಗೆಯಲ್ಲಿ ತಿದ್ದಿ ಬರೆದೆ. ಬೇರೆಯವರು ಮಾಡಿದ ಇನ್ನೊಂದು ಕಂಪೈಲರ್ ತಂದು ಹಾಕಿದೆ. ಅದೂ ಅದನ್ನೇ ಕಿತ್ತಿತು.

ಕೊನೆಗೆ ಅಕ್ಕನಿಗೆ, “ಮೆಟ್ಟಿಲು ಹತ್ಕೊಂಡೇ ಹೋಗಕ್ಕಾ,” ಎಂದೆ.

“ಈ ಮಂಡಿನೋವಲ್ಲಾ? ನಿನ್ನ ಲಿಫ್ಟಿಗೇನಾಗಿದೆಯೋ, ಚೆನ್ನಾಗೇ ಇದೆ,” ಎಂದು ನಕ್ಕಳು. “ಒಬ್ಳೇ ಇದ್ರೂ ಯಾಕೋ ಮೂಲೆಗೆ ಸರಿದು ನಿಂತ್ಕೊಳ್ತೀನಿ, ಅಷ್ಟೇ. ನಮ್ಮ ವಾರ್ಡಿನೋರೆಲ್ಲಾ ಹಾಗೇ.”

“ಯಾವ ಮೂಲೆಗೆ?”

“ಕಂಬಿ ತಣ್ಣಗಿರೋ ಕಡೆ.”